ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಅಂಗಳಕ್ಕೆ ಬಂದವರೆಲ್ಲ ಕಳ್ಳರಲ್ಲ

ನಾಯಿಮರಿಗಳ ಲಸಿಕೆಯ ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಲಸಿಕೆಯ ಬಗ್ಗೆ ಏನನ್ನೂ ಕೇಳಿರಲಿಲ್ಲ. ನಮ್ಮ ನಾಯಿ ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಇನ್ನೊಂದು ನಾಯಿಯನ್ನು ಕಂಡರೆ ಮೈಮೇಲೆ ಬಂದಂತೆ ಆಡುತ್ತದೆ, ಏನು ಮಾಡೋಣ ಎಂಬುದೇ ಅವುಗಳ ಸಾರವಾಗಿತ್ತು. ಆದ್ದರಿಂದ ಈ ಬಾರಿಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಊರನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಐವತ್ತು ದಿನದ ಹೆಣ್ಣುಮರಿಯೊಂದನ್ನು ಮನೆಗೆ ತಂದಿದ್ದೇವೆ. ಮೊದಲ ಲಸಿಕೆಯಾಗಿ ಹತ್ತು ದಿನವಾಯಿತು. ಲಸಿಕೆಗಳೆಲ್ಲ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ಹೇಳಿದ್ದಾರೆ. ಹೊರಗೆ ಆಟಿ ತಿಂಗಳ ಮಳೆಯೂ ಇದೆ. ಜನರ ಮತ್ತು ಬೇರೆ ನಾಯಿಗಳ ಅಭ್ಯಾಸವನ್ನು ನಾಲ್ಕು ತಿಂಗಳಾದ ಮೇಲೆ ಮಾಡಿಸಿದರೆ ಸಾಲದೆ? (ಪೆರ್ಲ)

ಉತ್ತರ: ಸಾಲದು ಎಂಬುದೇ ನೇರವಾದ ಉತ್ತರ. ಆದರೆ ನಿಮಗೆ ಹೇಳಿದವರ ಮಾತೂ ತಪ್ಪಲ್ಲವಾದ್ದರಿಂದ ಎರಡನ್ನೂ ಹೊಂದಿಸಿಕೊಳ್ಳುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಹುಟ್ಟಿದ 3ನೆಯ ವಾರದ ಹೊತ್ತಿಗೆ ಮರಿಗೆ ಕಣ್ಣು ಕಾಣಿಸಿ, ಕಿವಿ ಕೇಳಿಸತೊಡಗಿರುತ್ತದೆ. ಅಲ್ಲಿಂದ ಸುಮಾರು 12ನೆಯ ವಾರದವರೆಗೆ, ಕೆಲವು ಮರಿಗಳಲ್ಲಿ 14ನೆಯ ವಾರದವರೆಗೆ, ಹೊಸದೊಂದನ್ನು ಕಂಡಾಗ ಅದಕ್ಕೆ ಹೆದರಿಕೆಗಿಂತ ಮೊದಲು ಕುತೂಹಲ ಹುಟ್ಟುತ್ತದೆ. ಆ ಅವಧಿಯಲ್ಲಿ ಕಂಡ ಮನುಷ್ಯರು, ನಾಯಿಗಳು, ಹಟ್ಟಿಯ ದನಗಳು, ಕೇಳಿದ ಸದ್ದುಗಳು ಎಲ್ಲವೂ ‘ಇವು ಲೋಕದಲ್ಲಿ ಇರುವಂಥವೇ’ ಎಂಬ ಲೆಕ್ಕಕ್ಕೆ ಸೇರುತ್ತವೆ. ಆ ಕಾಲ ಕಳೆದ ಮೇಲೆ ಎದುರಾದದ್ದು ಮೊದಲು ಸಂಶಯದ ಲೆಕ್ಕಕ್ಕೆ ಹೋಗುತ್ತದೆ, ಅಲ್ಲಿಂದ ಅದನ್ನು ಈಚೆಗೆ ತರಬೇಕಾದರೆ ತಿಂಗಳುಗಟ್ಟಲೆ ದುಡಿಯಬೇಕಾಗುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಮೂವರು ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿತು. ಎತ್ತರದ ಬೇಲಿಯೊಳಗೆ ಮನುಷ್ಯರ ಒಡನಾಟವಿಲ್ಲದೆ ತಾಯಿಯೊಂದಿಗೆ ಬೆಳೆಯುತ್ತಿದ್ದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಹೊರಗೆ ತಂದು ಜನರ ನಡುವೆ ಇರಿಸಿದರು. ಕೆಲವನ್ನು ಮಾತ್ರ 14 ವಾರಗಳವರೆಗೆ ತರಲೇ ಇಲ್ಲ. ಕೊನೆಯವು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ದೂರ ಸರಿಯುತ್ತಿದ್ದವು, ಆಮೇಲೆ ಎಷ್ಟು ಪ್ರಯತ್ನಿಸಿದರೂ ಅವುಗಳ ಹೆದರಿಕೆ ಪೂರ್ತಿ ಬಿಡಲಿಲ್ಲ. ನಿಮ್ಮ ಮರಿಗೆ ಈಗಾಗಲೇ 7 ವಾರ ದಾಟಿದೆ. ಕೈಯಲ್ಲಿರುವುದು ಇನ್ನು ಐದು ವಾರ, ತಪ್ಪಿದರೆ ಏಳು. ನಾಲ್ಕು ತಿಂಗಳೆಂದರೆ 17 ವಾರ.

ಇನ್ನು ಲಸಿಕೆಯ ಮಾತು. ಮರಿಯನ್ನು ಹೊರಗೆ ಬಿಡಬೇಡಿ ಎನ್ನುವುದಕ್ಕೆ ಮುಖ್ಯ ಕಾರಣ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್. ರೋಗ ಬಂದ ನಾಯಿಯ ಮಲ ಬಿದ್ದ ನೆಲದಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಯಾವ ವಾರ ಇಳಿಯುತ್ತದೆಂದು ಖಚಿತವಾಗಿ ಹೇಳಲಾಗದ ಕಾರಣ ಈ ಲಸಿಕೆಯನ್ನು 16 ವಾರಗಳವರೆಗೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಆದರೆ ಮರಿಯನ್ನು ನೆಲಕ್ಕೆ ಬಿಡುವುದು ಬೇರೆ, ಲೋಕವನ್ನು ತೋರಿಸುವುದು ಬೇರೆ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘವು 2008ರಷ್ಟು ಹಿಂದೆಯೇ, ಮೊದಲ ಲಸಿಕೆಯಾಗಿ ಕನಿಷ್ಠ 7 ದಿನ ಕಳೆದಿದ್ದರೆ 7-8 ವಾರದ ಮರಿಯನ್ನು ಶುಚಿಯಾದ ಜಾಗದಲ್ಲಿ ನಡೆಯುವ ಮರಿಗಳ ತರಗತಿಗೆ, ಲಸಿಕೆಯಾದ ಇತರ ಮರಿಗಳ ಜೊತೆ ಸೇರಿಸಬಹುದೆಂದು ಹೇಳಿತು. ರೋಗಕ್ಕಿಂತಲೂ ಹೆಚ್ಚಾಗಿ ವರ್ತನೆಯ ತೊಂದರೆಗಳಿಂದಲೇ ಎಳೆಯ ನಾಯಿಗಳು ಮನೆಯನ್ನೂ ಜೀವವನ್ನೂ ಕಳೆದುಕೊಳ್ಳುತ್ತವೆ ಎಂಬುದು ಅವರು ಕೊಟ್ಟ ಕಾರಣ. ನಮ್ಮಲ್ಲಿ ಅಂಥ ತರಗತಿಗಳಿಲ್ಲ, ಇರಬೇಕೆಂದೂ ಇಲ್ಲ. ಮರಿಯನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಪೆರ್ಲದ ಪೇಟೆಯಲ್ಲಿ ಗುರುತಿನ ಅಂಗಡಿಯ ಜಗಲಿಯಲ್ಲಿ ಹತ್ತು ನಿಮಿಷ ಕುಳಿತರೆ ಬಸ್ಸು, ರಿಕ್ಷಾ, ಗಡ್ಡದವರು, ಬುರ್ಖಾದವರು, ಹೆಲ್ಮೆಟ್ಟಿನವರು, ಸಮವಸ್ತ್ರದ ಮಕ್ಕಳು, ಎಲ್ಲರೂ ಒಂದೇ ಸಲಕ್ಕೆ ಕಾಣಸಿಗುತ್ತಾರೆ. ನೆಂಟರ ಮನೆಯಲ್ಲಿ ಲಸಿಕೆಯಾದ, ಮರಿಗಳನ್ನು ಸಹಿಸುವ ಸಮಾಧಾನದ ನಾಯಿಯಿದ್ದರೆ ಅದರ ಬಳಿಗೂ ಕರೆದೊಯ್ಯಿರಿ. ನೆಲಕ್ಕೆ ಬಿಡಬಾರದ ಜಾಗಗಳು ಬಸ್ ನಿಲ್ದಾಣದ ಸುತ್ತಮುತ್ತಲು, ಬೀದಿನಾಯಿಗಳು ಓಡಾಡುವ ದಾರಿ, ಮತ್ತು ಈ ಮಳೆಗಾಲದಲ್ಲಿ ಇಲಿಜ್ವರದ ಭಯವಿರುವುದರಿಂದ ತೋಟದ ಕಣಿಯ ನಿಂತ ನೀರು.

ಮಳೆಯನ್ನು ತೊಂದರೆಯೆಂದು ಎಣಿಸಬೇಡಿ, ಅದೇ ಒಳ್ಳೆಯ ಪಾಠಶಾಲೆ. ನಮ್ಮ ಕಡೆಯ ದೊಡ್ಡ ನಾಯಿಗಳಲ್ಲಿ ನಾನು ಪದೇ ಪದೇ ಕಂಡ ಒಂದು ಹೆದರಿಕೆಯೆಂದರೆ ಕೊಡೆಯದು. ಮನುಷ್ಯನೆಂದು ತಿಳಿದಿದ್ದ ಆಕೃತಿ ಒಮ್ಮೆಗೇ ‘ಟಪ್’ ಎಂದು ಕಪ್ಪಗೆ ಅಗಲವಾಗಿ ಅರಳಿಬಿಡುವುದು ಅವಕ್ಕೆ ಹೇಗಿರಬೇಡ! ನನ್ನ ಮನೆಗೆ ಬಂದ ಒಂದು ಮರಿಗೆ ನಾನು ಮಾಡಿಸಿದ್ದು ಇಷ್ಟೇ: ಮೊದಲ ದಿನ ಬಿಚ್ಚಿದ ಕೊಡೆಯನ್ನು ಚಾವಡಿಯ ಮೂಲೆಯಲ್ಲಿ ಇಟ್ಟು ಅದರ ಅಂಚಿನಲ್ಲಿ ದೋಸೆಯ ಚೂರುಗಳನ್ನು ಹಾಕಿದೆ. ಅದು ಕತ್ತನ್ನಷ್ಟೇ ಮುಂದೆ ಚಾಚಿ, ಹಿಂಗಾಲುಗಳನ್ನು ಓಡಲು ಸಿದ್ಧವಾಗಿ ಹಿಂದಕ್ಕೇ ಇಟ್ಟುಕೊಂಡು, ಒಂದು ಚೂರನ್ನು ಕಚ್ಚಿಕೊಂಡು ಓಡಿತು. ನಾಲ್ಕನೆಯ ಚೂರಿಗೆ ಹಿಂಗಾಲುಗಳೂ ಮುಂದೆ ಬಂದವು. ಸಂಜೆಗೆ ಕೊಡೆಯ ಅಡಿಯಲ್ಲೇ ಮಲಗಿತ್ತು. ಮರುದಿನ ದೂರದಲ್ಲಿ ನಿಂತು ಅರ್ಧ ಬಿಚ್ಚಿದೆ, ಮೂರನೆಯ ದಿನ ಪೂರ್ತಿ. ಮಳೆಯಂಗಿ, ಮುಟ್ಟಾಳೆ, ಮಿಕ್ಸಿ, ಉರುಳುವ ಗ್ಯಾಸ್ ಸಿಲಿಂಡರ್, ಅಡಿಕೆಗೆ ಎರಡನೆಯ ಮದ್ದು ಬಿಡುವವರ ಪಂಪಿನ ಸದ್ದು, ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಹಾಕಿದ ಚೆಂಡೆ, ಎಲ್ಲಕ್ಕೂ ಇದೇ ಕ್ರಮ ಸಾಕು. ಎಷ್ಟು ಮಂದಿಗೆ ತೋರಿಸಿದಿರಿ ಎಂಬುದಕ್ಕಿಂತ ಪ್ರತಿ ಸಲವೂ ಮರಿ ಸಮಾಧಾನದಿಂದ ಹಿಂದಿರುಗಿತೇ ಎಂಬುದೇ ಮುಖ್ಯ. ಬಂದವರೆಲ್ಲ ಮುದ್ದಿನಿಂದ ಅದನ್ನು ಕೈಯಿಂದ ಕೈಗೆ ದಾಟಿಸಿದರೆ ಅಭ್ಯಾಸವಾಗುವುದಿಲ್ಲ, ಗಾಬರಿಯಾಗುತ್ತದೆ. ಬಂದವರು ಕುಳಿತಿರಲಿ, ಹೋಗಬೇಕೋ ಬೇಡವೋ ಎಂಬುದನ್ನು ಮರಿಯೇ ತೀರ್ಮಾನಿಸಲಿ.

ಪ್ರಶ್ನೆ: ನಮ್ಮ ಮೂರು ವರ್ಷದ ಗಂಡುನಾಯಿಯನ್ನು ಹಗಲು ಗೂಡಿನಲ್ಲಿ ಹಾಕಿ, ರಾತ್ರಿ ತೋಟಕ್ಕೆ ಬಿಡುತ್ತೇವೆ. ಮರಿಯಾಗಿದ್ದಾಗಿನಿಂದ ಇದೇ ಕ್ರಮ. ಮೊನ್ನೆ ಬೆಳಗ್ಗೆ ಬೇಗ ಅಡಿಕೆ ಕೊಯ್ಯಲು ಬಂದವರೊಬ್ಬರ ಕಾಲಿಗೆ ಕಚ್ಚಿ ರಕ್ತ ಬಂತು. ಜನರ ಅಭ್ಯಾಸ ಮಾಡಿಸೋಣವೆಂದರೆ, ಹಾಗೆ ಮಾಡಿದರೆ ಕಾವಲಿಗೆ ಬಾರದು ಎಂದು ಮಾವನವರು ಒಪ್ಪುವುದಿಲ್ಲ. ಯಾರ ಮಾತು ಸರಿ? (ಮುಳ್ಳೇರಿಯಾ)

ಉತ್ತರ: ಮೊದಲು ಕಚ್ಚಿಸಿಕೊಂಡವರ ವಿಚಾರ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕಿತ್ತು. ತೊಳೆದಿದ್ದರೂ ಇಲ್ಲದಿದ್ದರೂ ಅವರನ್ನು ಇಂದೇ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಬಂದ ಗಾಯಕ್ಕೆ ರೇಬಿಸ್ (ಹುಚ್ಚುನಾಯಿ ರೋಗ) ಲಸಿಕೆಯಲ್ಲದೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಬೇಕಾಗಬಹುದು, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಲಸಿಕೆಯ ಉಳಿದ ದಿನಗಳನ್ನು ಅವರು ತಪ್ಪಿಸದಂತೆ ನೋಡಿಕೊಳ್ಳುವ ಹೊಣೆಯೂ, ಕೆಲಸ ತಪ್ಪಿದ ದಿನದ ಸಂಬಳವೂ ನಿಮ್ಮದು ಎಂದು ನಾನು ತಿಳಿಯುತ್ತೇನೆ. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇರಿಸಿಕೊಳ್ಳಿ. ಕೇರಳದಲ್ಲಿ ಸಾಕುನಾಯಿಗೆ ಪಂಚಾಯತಿನ ಲೈಸೆನ್ಸ್ ಬೇಕು, ಅದಕ್ಕೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಬೇಕು. ಅವೆರಡೂ ಇಲ್ಲದಿದ್ದರೆ ಮೊದಲು ಆ ಕೆಲಸ ಆಗಲಿ.

ಮಾವನವರ ಮಾತನ್ನು ನಾನು ನೂರಾರು ಮನೆಗಳ ಜಗಲಿಯಲ್ಲಿ ಕುಳಿತು ಕೇಳಿದ್ದೇನೆ, ಗೌರವದಿಂದಲೇ ಅದನ್ನು ಒಪ್ಪದೆ ಎದ್ದು ಬಂದಿದ್ದೇನೆ. ಹುಟ್ಟಿದಂದಿನಿಂದ ಐದೇ ಮಂದಿಯನ್ನು ಕಂಡ ನಾಯಿಗೆ ಆರನೆಯವನು ಯಾರಾದರೂ ಒಂದೇ. ಮೀನಿನ ಸ್ಕೂಟರಿನವನು, ಅಂಚೆಯವನು, ಸೊಸೆಯ ಅಣ್ಣ, ನಿಜವಾದ ಕಳ್ಳ, ಎಲ್ಲರಿಗೂ ಅದು ಒಂದೇ ಸ್ವರದಲ್ಲಿ ಬೊಗಳುತ್ತದೆ. ಎಲ್ಲರಿಗೂ ಬೊಗಳುವ ನಾಯಿಯ ಬೊಗಳಿಗೆ ಒಂದು ತಿಂಗಳಾದ ಮೇಲೆ ಮನೆಯವರು ಎದ್ದು ನೋಡುವುದನ್ನೂ ಬಿಡುತ್ತಾರೆ. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿದ್ದ ಕಂದು ಬಣ್ಣದ ಊರ ನಾಯಿಗೆ ಗೂಡೆಂಬುದೇ ಇರಲಿಲ್ಲ. ಅಡಿಕೆ ಸುಲಿಯುವವರ ನಡುವೆ ಅದು ಸಿಪ್ಪೆಯ ರಾಶಿಯ ಮೇಲೆ ಮಲಗುತ್ತಿತ್ತು, ಅವರ ಬುತ್ತಿಯಲ್ಲಿ ಪಾಲು ಪಡೆಯುತ್ತಿತ್ತು. ಅದೇ ನಾಯಿ, ಅಂಗಳದ ದಾರಿಯನ್ನು ಬಿಟ್ಟು ಗುಡ್ಡೆಯ ಕಡೆಯಿಂದ ಮಾತಿಲ್ಲದೆ ಇಳಿದು ಬಂದವನನ್ನು ತೋಟದ ತಡಮೆಯಲ್ಲೇ ತಡೆದು ನಿಲ್ಲಿಸುತ್ತಿತ್ತು. ಸಾಮಾನ್ಯ ಯಾವುದೆಂದು ತಿಳಿದದ್ದರಿಂದಲೇ ಅದಕ್ಕೆ ಅಸಾಮಾನ್ಯ ಯಾವುದೆಂದು ತಿಳಿಯುತ್ತಿತ್ತು. ಕಬ್ಬಿಣದ ಸರಳಿನ ಗೂಡು ನಮ್ಮ ಅಂಗಳಗಳಿಗೆ ಬಂದದ್ದು ಬಹುಮಟ್ಟಿಗೆ ಅಲ್ಸೇಷನ್, ಡಾಬರ್‌ಮನ್, ರಾಟ್‌ವೀಲರ್‌ಗಳ ಜೊತೆಗೆ. ಈಗ ಊರ ನಾಯಿಗೂ ಅದೇ ಗತಿಯಾಗಿದೆ.

ಗೂಡು ನಾಯಿಗೆ ಏನನ್ನು ಕಲಿಸುತ್ತದೆಂಬುದನ್ನು ಅದರ ಕಡೆಯಿಂದ ನೋಡಿದರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಸರಳಿನಾಚೆ ಒಬ್ಬ ಕಾಣಿಸುತ್ತಾನೆ, ಹತ್ತಿರ ಹೋಗಿ ಮೂಸಿ ನೋಡುವಂತಿಲ್ಲ, ದೂರ ಸರಿಯುವಂತೆಯೂ ಇಲ್ಲ, ಉಳಿದದ್ದು ಬೊಗಳುವುದೊಂದೇ. ಅದು ಬೊಗಳುತ್ತದೆ, ಬಂದವನು ತನ್ನ ಕೆಲಸ ಮುಗಿಸಿ ಹೊರಟುಹೋಗುತ್ತಾನೆ. ಅವನು ಹೋದದ್ದು ಕಾಗದ ಕೊಟ್ಟಾಯಿತೆಂಬ ಕಾರಣಕ್ಕೆ, ಆದರೆ ನಾಯಿಯ ಲೆಕ್ಕದಲ್ಲಿ ಅವನನ್ನು ಓಡಿಸಿದ್ದು ತನ್ನ ಬೊಗಳು. ದಿನಕ್ಕೆ ನಾಲ್ಕು ಸಲ, ಮೂರು ವರ್ಷ ಈ ಪಾಠ ನಡೆದಿದೆ. ಅಂದು ಬೆಳಗ್ಗೆ ಗೂಡಿಗೆ ಹಾಕುವ ಮೊದಲೇ ಜನ ಬಂದರು, ಸರಳು ನಡುವೆ ಇರಲಿಲ್ಲ. ಅದು ತಾನು ಕಲಿತ ಪಾಠವನ್ನೇ ಒಂದು ಹೆಜ್ಜೆ ಮುಂದುವರಿಸಿತು. ಅಂದಹಾಗೆ, ಸದಾ ಕಟ್ಟಿ ಅಥವಾ ಕೂಡಿಹಾಕಿ ಇರಿಸಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ 1960ರಿಂದಲೂ ಅಪರಾಧವೇ ಆಗಿದೆಯೆಂಬುದನ್ನು ಮಾವನವರಿಗೆ ಮೆಲ್ಲಗೆ ತಿಳಿಸಬಹುದು.

ಈಗ ಮಾಡಬೇಕಾದದ್ದು. ಮೊದಲು ಪಶುವೈದ್ಯರಿಂದ ಅದರ ಕಿವಿ, ಹಲ್ಲು, ಕೀಲುಗಳ ಪರೀಕ್ಷೆ ಮಾಡಿಸಿ, ಏಕೆಂದರೆ ನೋವಿರುವ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ. ಬುಟ್ಟಿಯಂಥ ಬಾಯಿಕುಕ್ಕೆಯೊಂದನ್ನು ತನ್ನಿ. ಅದನ್ನು ಹಾಕಿಕೊಂಡು ಏದುಸಿರು ಬಿಡಲು, ನೀರು ಕುಡಿಯಲು ಸಾಧ್ಯವಾಗಬೇಕು. ಒಳಗೆ ತಿನಿಸಿಟ್ಟು, ಅದೇ ಮೂತಿ ತೂರಿಸುವಂತೆ ಒಂದು ವಾರ ರೂಢಿ ಮಾಡಿಸಿ. ಅನಂತರ ನಾಯಿಯ ಪರಿಚಯವಿರದ ಕೆಲಸದವರೊಬ್ಬರನ್ನು, ಖಂಡಿತವಾಗಿ ಕಚ್ಚಿಸಿಕೊಂಡವರನ್ನಲ್ಲ, ಒಪ್ಪಿಸಿ ಅಂಗಳದಾಚೆ 20 ಮೀಟರ್ ದೂರದಲ್ಲಿ ನಿಲ್ಲಿಸಿ. ನಾಯಿ ನಿಮ್ಮ ಕೈಯ ಹಗ್ಗದಲ್ಲಿರಲಿ. ಅವರು ಕಂಡ ಕೂಡಲೇ ನಿಮ್ಮ ಕೈಯಿಂದ ಬೇಯಿಸಿದ ಮೊಟ್ಟೆಯ ಚೂರು, ಮೊಟ್ಟೆ ಒಳಗೆ ಬಾರದ ಮನೆಯಾದರೆ ತುಪ್ಪದ ದೋಸೆಯ ಚೂರು. ಅವರು ಮರೆಯಾದ ಕೂಡಲೇ ತಿನಿಸೂ ನಿಲ್ಲಬೇಕು. ಈ ಜೋಡಣೆ ತಲೆಗೆ ಹೋದಂದು ನಾಯಿ ಆ ಮನುಷ್ಯನನ್ನು ನೋಡಿ ಬೊಗಳುವ ಬದಲು ಥಟ್ಟನೆ ನಿಮ್ಮ ಮುಖ ನೋಡುತ್ತದೆ. ಆಮೇಲೆ ಮಾತ್ರ ಒಂದೆರಡು ಮೀಟರ್ ಹತ್ತಿರ. ಕಿವಿ ಹಿಂದಕ್ಕೆ ಅಂಟಿತೇ, ತಿನಿಸಿಲ್ಲದಾಗಲೂ ತುಟಿ ನೆಕ್ಕಿಕೊಂಡಿತೇ, ನಿದ್ದೆಯಿಲ್ಲದೆ ಆಕಳಿಸಿತೇ, ಮೈ ಮರದಂತೆ ಬಿಗಿಯಾಯಿತೇ, ಹಾಗಿದ್ದರೆ ನೀವು ಅವಸರಪಟ್ಟಿದ್ದೀರಿ, ಹಿಂದೆ ಸರಿಯಿರಿ.

ಗುರುಗುಟ್ಟಿದ್ದಕ್ಕೆ ಹೊಡೆಯಬಾರದು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವರಿಗೆ ನನ್ನ ಎಡಗೈಯ ಗಾಯದ ಗುರುತನ್ನು ತೋರಿಸಬಹುದಿತ್ತು. ಆದರೆ ಹೊಡೆತ ತಿಂದು ಗುರುಗುಟ್ಟುವುದನ್ನು ಬಿಟ್ಟ ನಾಯಿ ಅದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಅದರಲ್ಲಿ ಹೆದರಿಕೆ ಹಾಗೆಯೇ ಉಳಿದು ಎಚ್ಚರಿಕೆ ಮಾತ್ರ ಹೋಗಿರುತ್ತದೆ. ಮೂರು ವರ್ಷದ ಈ ನಾಯಿ ಊರವರಿಗೆಲ್ಲ ಗೆಳೆಯನಾದೀತೆಂದು ನಾನು ಭರವಸೆ ಕೊಡುವುದಿಲ್ಲ. ಅಡಿಕೆ ಕೊಯ್ಯುವವರು ತೋಟದಲ್ಲಿರುವಾಗ ಅದು ಜಗಲಿಯ ಕಂಬದ ಬಳಿ ಉದ್ದ ಹಗ್ಗದಲ್ಲಿ ಸುಮ್ಮನೆ ಮಲಗುವ ಮಟ್ಟಕ್ಕೆ ಬಂದರೆ ನೀವು ಗೆದ್ದಂತೆ. ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಕೆಲಸದವರು ಬರುವ ಹೊತ್ತಿಗೆ ಅದನ್ನು ಬಿಟ್ಟಿರಬೇಡಿ, ಗೂಡಿನಲ್ಲಿರುವ ಹೊತ್ತಿನಲ್ಲಿ ದಾರಿ ಕಾಣುವ ಬದಿಗೆ ಮಡಲಿನ ತಟ್ಟಿಯನ್ನಾದರೂ ಕಟ್ಟಿ ಮರೆ ಮಾಡಿ.

ಪ್ರಶ್ನೆ: ಗೆಳೆಯರ ಮನೆಯಿಂದ 30 ದಿನದ ಮರಿಯನ್ನು ತಂದು ಒಂದು ತಿಂಗಳಾಯಿತು. ಆಟವಾಡುವಾಗ ಕೈಗೆ ರಕ್ತ ಬರುವಂತೆ ಕಚ್ಚುತ್ತದೆ. ಕೆಟ್ಟ ತಳಿಯೇ? (ಕುಂಬಳೆ)

ಉತ್ತರ: ತಳಿಯ ದೋಷವಲ್ಲ, ಬೇಗ ತಂದದ್ದರ ಫಲ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋಯುತ್ತದೆಂಬುದನ್ನು ಮರಿಗೆ ಕಲಿಸುವವರು ಅದರ ಒಡಹುಟ್ಟುಗಳು ಮತ್ತು ತಾಯಿ. ಹಲ್ಲು ಹೆಚ್ಚು ಊರಿದರೆ ಎದುರಿನ ಮರಿ ಕಿರುಚಿ ಆಟವನ್ನೇ ನಿಲ್ಲಿಸುತ್ತದೆ. ಈ ಶಿಕ್ಷಣ ಹೆಚ್ಚಾಗಿ ನಡೆಯುವುದು 5ರಿಂದ 8ನೆಯ ವಾರದ ನಡುವೆ, ನಿಮ್ಮ ಮರಿ ಶಾಲೆಗೆ ಸೇರುವ ಮೊದಲೇ ಶಾಲೆ ಬಿಟ್ಟಿದೆ. 8 ವಾರ ತುಂಬದ ಮರಿಯನ್ನು ತಳಿಗಾರರು ಮಾರಕೂಡದೆಂದು ಕೇಂದ್ರ ಸರಕಾರದ 2017ರ ನಿಯಮಗಳೂ ಹೇಳುತ್ತವೆ. ದಾನವಾಗಿ ಕೊಡುವವರೂ ಅದನ್ನು ಪಾಲಿಸುವುದು ಒಳ್ಳೆಯದು. ಈಗ ನೀವೇ ಒಡಹುಟ್ಟಿನ ಕೆಲಸ ಮಾಡಬೇಕು: ಹಲ್ಲು ಊರಿದ ಕ್ಷಣ ಕೈಯನ್ನು ಸಡಿಲ ಬಿಟ್ಟು, ಮಾತಾಡದೆ ಎದ್ದು ಅರ್ಧ ನಿಮಿಷ ಬೇರೆ ಕಡೆ ಹೋಗಿ, ಮರಳಿದಾಗ ಕೈಯ ಬದಲು ಗಂಟು ಹಾಕಿದ ಬಟ್ಟೆಯನ್ನು ಕೊಡಿ. ಇದಕ್ಕಿಂತ ಚೆನ್ನಾಗಿ ಕಲಿಸಬಲ್ಲದ್ದು ಅದೇ ಪ್ರಾಯದ, ಲಸಿಕೆಯಾದ ಇನ್ನೊಂದು ಮರಿ. ಅದರ ಒಡಹುಟ್ಟುಗಳಲ್ಲಿ ಒಂದು ಹತ್ತಿರದ ಮನೆಯಲ್ಲಿ ಬೆಳೆಯುತ್ತಿದ್ದರೆ ವಾರಕ್ಕೆ ಎರಡು ಸಲವಾದರೂ ಎರಡನ್ನೂ ಒಟ್ಟಿಗೆ ಆಡಬಿಡಿ.

ಪ್ರಶ್ನೆ: ಫ್ಲ್ಯಾಟಿನಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಸಾಕಿದ್ದೇವೆ. ಮನುಷ್ಯರೆಂದರೆ ಪ್ರಾಣ. ಆದರೆ ವಾಕಿಂಗಿಗೆ ಹೋದಾಗ ಬೇರೆ ನಾಯಿ ಕಂಡರೆ ಹಗ್ಗ ಕಿತ್ತುಕೊಂಡು ಎಗರುತ್ತದೆ. ಬೀದಿನಾಯಿಗಳೂ ಸುತ್ತುವರಿಯುತ್ತವೆ. ಹೊರಗೆ ಕರೆದೊಯ್ಯುವುದನ್ನೇ ನಿಲ್ಲಿಸೋಣವೇ? (ಉಪ್ಪಳ)

ಉತ್ತರ: ನಿಲ್ಲಿಸಬೇಡಿ. ಮನುಷ್ಯರ ಅಭ್ಯಾಸವಾದರೆ ನಾಯಿಗಳ ಅಭ್ಯಾಸವೂ ತಾನಾಗಿ ಆದೀತೆಂದು ಹಲವರು ತಿಳಿದಿರುತ್ತಾರೆ, ಆದರೆ ನಾಯಿಗೆ ಅವು ಎರಡು ಬೇರೆ ಬೇರೆ ಭಾಷೆಗಳಿದ್ದಂತೆ. ಒಂಟಿಯಾಗಿ ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಮೊದಲನೆಯದು ಬರುತ್ತದೆ, ಎರಡನೆಯದು ಮರೆತಿರುತ್ತದೆ.

ಬಿಡುವಾಗಿರುವ ಎರಡು ನಾಯಿಗಳು ಭೇಟಿಯಾಗುವುದನ್ನು ಗಮನಿಸಿದ್ದೀರಾ? ಅವು ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದಿಲ್ಲ. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಬಂದು, ಒಂದರ ಹಿಂಬದಿಯನ್ನು ಇನ್ನೊಂದು ಮೂಸಿ, ನೆಲ ಮೂಸುವ ನೆಪದಲ್ಲಿ ಸ್ವಲ್ಪ ಸರಿದು, ಮತ್ತೆ ಬರುತ್ತವೆ. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಬದಿಯನ್ನು ಎತ್ತಿ ಹಿಡಿದರೆ ಅದು ಆಟದ ಕರೆ. ಕಿರಿದಾದ ರಸ್ತೆಯಲ್ಲಿ ಎದುರಿಗೆ ನಾಯಿ ಕಂಡೊಡನೆ ನಾವು ಮಾಡುವುದೇನು? ಹಗ್ಗವನ್ನು ಬಿಗಿಯಾಗಿ ಹಿಡಿದು, ನೇರ ಮುಖಾಮುಖಿ ನಡೆಸುತ್ತೇವೆ. ನಾಯಿಲೋಕದಲ್ಲಿ ಅದಕ್ಕಿಂತ ಒರಟಾದ ನಡತೆಯಿಲ್ಲ. ಕುತ್ತಿಗೆ ಬಿಗಿದಂತೆ ಅದರ ಆತಂಕವೂ ಬಿಗಿಯುತ್ತದೆ. ಆದ್ದರಿಂದ ಎದೆಗೆ ಕಟ್ಟುವ ಪಟ್ಟಿಯನ್ನು ಬಳಸಿ, ಹಗ್ಗವು ಬಟ್ಟೆ ಒಣಹಾಕಿದ ಹಗ್ಗದಂತೆ ನಡುವೆ ಜೋತುಬಿದ್ದಿರಲಿ, ಇನ್ನೊಂದು ನಾಯಿ ಕಂಡ ಕೂಡಲೇ ರಸ್ತೆಯ ಮತ್ತೊಂದು ಬದಿಗೆ ಬಾಗಿದ ದಾರಿಯಲ್ಲಿ ಸರಿಯಿರಿ.

ಸಮಾಧಾನದ ಸ್ವಭಾವದ ಒಂದೇ ಒಂದು ಪರಿಚಿತ ನಾಯಿಯನ್ನು ಆರಿಸಿಕೊಳ್ಳಿ. ಕಣ್ವತೀರ್ಥದಂಥ ಅಗಲವಾದ ಕಡಲತೀರದಲ್ಲಿ ಬೆಳಗಿನ ಜನವಿಲ್ಲದ ಹೊತ್ತಿನಲ್ಲಿ ಎರಡನ್ನೂ ಹದಿನೈದು ಮೀಟರ್ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ಎದುರುಬದುರಾಗಿ ಅಲ್ಲ, ಪಕ್ಕಪಕ್ಕದಲ್ಲಿ. ನಡೆಯುತ್ತಾ ನಡೆಯುತ್ತಾ ಅಂತರ ಕಿರಿದಾಗಲಿ. ಮೂಸಿದರೆ ಮೂರು ಎಣಿಸುವಷ್ಟು ಹೊತ್ತು ಬಿಟ್ಟು ಕರೆದುಕೊಳ್ಳಿ. ಹತ್ತು ನಾಯಿಗಳ ಗುಂಪಿಗೆ ಒಮ್ಮೆಗೇ ಬಿಡುವುದು ಈಜು ಬಾರದವನನ್ನು ಶಿರಿಯಾ ಹೊಳೆಗೆ ನೂಕಿದಂತೆ. ಪ್ರಾಯಕ್ಕೆ ಬಂದ ನಾಯಿ ಎಲ್ಲ ನಾಯಿಗಳೊಡನೆ ಆಡಲೇಬೇಕೆಂದೂ ಇಲ್ಲ, ನೋಡಿ ಸುಮ್ಮನೆ ಹಾದುಹೋದರೆ ಸಾಕು. ಬೀದಿನಾಯಿಗಳು ತಮ್ಮ ಎಲ್ಲೆಯೊಳಗೆ ಬಂದದ್ದಕ್ಕೆ ಬೊಗಳುತ್ತವೆ. ಓಡದೆ, ಕಲ್ಲೆತ್ತದೆ, ಒಂದು ಹಿಡಿ ತಿನಿಸನ್ನು ಅವುಗಳ ಹಿಂಬದಿಗೆ ಹಾರುವಂತೆ ಎಸೆದು ಬಂದ ದಾರಿಯಲ್ಲೇ ಹಿಂದಿರುಗಿ, ನಾಳೆ ಬೇರೆ ದಾರಿ ಹಿಡಿಯಿರಿ.

ಪ್ರಶ್ನೆ: ವಿಷುವಿಗೆ ನಾಲ್ಕು ವರ್ಷದ ಮೊಮ್ಮಗ ಬೆಂಗಳೂರಿನಿಂದ ಬರುತ್ತಾನೆ. ನಮ್ಮ ಐದು ವರ್ಷದ ನಾಯಿ ಸಣ್ಣ ಮಕ್ಕಳನ್ನು ಕಂಡದ್ದೇ ಇಲ್ಲ. (ಬದಿಯಡ್ಕ)

ಉತ್ತರ: ಮಕ್ಕಳನ್ನು ಕಾಣದ ನಾಯಿಗೆ ಮಗುವೆಂದರೆ ಗಿಡ್ಡ ಮನುಷ್ಯನಲ್ಲ, ಬೇರೆಯೇ ಒಂದು ಪ್ರಾಣಿ: ಓಡುತ್ತದೆ, ಕಿರುಚುತ್ತದೆ, ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ, ಕುತ್ತಿಗೆಗೆ ಜೋತುಬೀಳುತ್ತದೆ. ಇನ್ನೂ ಸಮಯವಿರುವುದರಿಂದ ಶಾಲೆ ಬಿಡುವ ಹೊತ್ತಿಗೆ ನಾಯಿಯನ್ನು ದಾರಿಯಿಂದ ದೂರ ಕೂರಿಸಿ, ಮಕ್ಕಳು ಹಾದುಹೋಗುವಷ್ಟು ಹೊತ್ತು ತಿನಿಸು ಕೊಡುತ್ತಿರಿ. ಮೊಮ್ಮಗ ಬಂದ ಮೊದಲ ಎರಡು ದಿನ ನಡುವೆ ಗ್ರಿಲ್ಲಿನ ಬಾಗಿಲಿರಲಿ. ನಾಯಿ ಬಾಲವಾಡಿಸಿತೆಂದು ಮೋಸಹೋಗಬೇಡಿ; ಮೈಯೆಲ್ಲ ಸಡಿಲವಾಗಿ ಬಳುಕುವ ಬಾಲ ಬೇರೆ, ಎತ್ತರದಲ್ಲಿ ಬಿಗಿಯಾಗಿ ನಡುಗುವ ಬಾಲ ಬೇರೆ. ಅದು ಉಣ್ಣುವಾಗ, ಮಲಗಿರುವಾಗ ಹುಡುಗ ಹತ್ತಿರ ಹೋಗಬಾರದು. ಎಷ್ಟೇ ಸಾಧುವೆಂದು ಕಂಡರೂ ಇಬ್ಬರನ್ನೇ ಒಂದು ಕ್ಷಣವೂ ಬಿಡಬಾರದು. ವಿಷುವಿನ ಪಟಾಕಿಯ ಹೊತ್ತಿಗೆ ನಾಯಿ ಒಳಕೋಣೆಯಲ್ಲಿರಲಿ, ಏಕೆಂದರೆ ಅಂದಿನ ಗಾಬರಿಯನ್ನು ಅದು ಹುಡುಗನ ಲೆಕ್ಕಕ್ಕೆ ಬರೆದುಬಿಡುವ ಸಂಭವವಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹವ್ಯಕ ಕನ್ನಡ, ಕೆಲಸದವರಲ್ಲಿ ತುಳು, ನೆರೆಯವರಲ್ಲಿ ಮಲಯಾಳ. ಇಷ್ಟೊಂದು ಭಾಷೆ ಕೇಳಿದರೆ ನಾಯಿಗೆ ಗೊಂದಲವಾಗದೆ? ಕಲಿಸುವುದನ್ನು ಯಾವ ಭಾಷೆಯಲ್ಲಿ ಕಲಿಸಬೇಕು? (ಎಣ್ಮಕಜೆ)

ಉತ್ತರ: ಗೊಂದಲವಾಗುವುದಿಲ್ಲ, ಲಾಭವೇ ಆಗುತ್ತದೆ. ಹಂಗೇರಿಯ ಬುಡಾಪೆಸ್ಟಿನ ವಿಜ್ಞಾನಿಗಳು 18 ನಾಯಿಗಳನ್ನು ಎಂ.ಆರ್.ಐ. ಯಂತ್ರದಲ್ಲಿ ಅಲುಗದೆ ಮಲಗಲು ಕಲಿಸಿ, ಪರಿಚಿತ ಭಾಷೆಯನ್ನೂ ಅಪರಿಚಿತ ಭಾಷೆಯನ್ನೂ ಕೇಳಿಸಿದಾಗ ಅವುಗಳ ಮಿದುಳು ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿತೆಂದು 2022ರಲ್ಲಿ ಪ್ರಕಟಿಸಿದರು. ಅಂದರೆ ಮನೆಯಲ್ಲಿ ಎಂದೂ ಕೇಳಿರದ ಮಾತು ನಾಯಿಯ ಕಿವಿಗೆ ಪರಕೀಯವಾಗಿ ಬೀಳುತ್ತದೆ. ಎಳವೆಯಿಂದಲೇ ಮೂರು ನಾಲ್ಕು ಭಾಷೆಗಳವರ ಮಡಿಲಲ್ಲಿ ಆಡಿದ ನಮ್ಮ ಕಡೆಯ ಮರಿಗೆ ಗೇಟಿನ ಬಳಿ ಮಲಯಾಳ ಕೇಳಿದರೂ ಕೊಂಕಣಿ ಕೇಳಿದರೂ ಎದೆ ಹಾರಲು ಕಾರಣವಿರುವುದಿಲ್ಲ. ಈ ಗಡಿನಾಡಿನಲ್ಲಿ ಹುಟ್ಟಿದ್ದರ ಲಾಭ ಮನುಷ್ಯರಿಗೆಷ್ಟೋ ನಾಯಿಗೂ ಅಷ್ಟೇ ಇದೆ.

ಕಲಿಸುವ ಮಾತು ಮಾತ್ರ ಒಂದೇ ಇರಲಿ, ಮನೆಯವರೂ ಕೆಲಸದವರೂ ಅದನ್ನೇ ಬಳಸಲಿ. ‘ಬಾ’ ಎಂಬುದು ಕನ್ನಡಕ್ಕೂ ನಮ್ಮ ಕಡೆಯ ಮಲಯಾಳಕ್ಕೂ ಸಲ್ಲುತ್ತದೆ, ತುಳುವಿನ ‘ಬಲ’ ಕೂಡ ಅದರ ಹತ್ತಿರವೇ ಇದೆ. ಕೂರಿಸುವ ಮಾತಿನಲ್ಲಿ ಎಚ್ಚರ ಬೇಕು. ನೆರೆಯವರು ‘ಇರಿ’ ಎಂದರೆ ಮಲಯಾಳದಲ್ಲಿ ಕುಳಿತುಕೋ ಎಂದರ್ಥ. ನೀವು ಜಗಲಿಗೆ ಬಂದ ಅತಿಥಿಗಳಿಗೆ ‘ಸ್ವಲ್ಪ ಇರಿ, ಈಗ ಬಂದೆ’ ಎಂದಾಗ ಆ ಮಾತು ಕಲಿತ ನಾಯಿ ತಾನೂ ಕುಳಿತುಬಿಡಬಹುದು. ಹಾಗೆ ಕುಳಿತರೆ ಗದರಬೇಡಿ, ಅತಿಥಿಗಳ ಕೈಯಲ್ಲೇ ಒಂದು ಚೂರು ದೋಸೆ ಕೊಡಿಸಿ.